ಮನೆಯಲ್ಲಿ ತುಂಬಿದ ಕಾಡತೂಸು ಮ್ಯಾಗಜೀನ್‌ನಲ್ಲಿ ಯಾಕೆ ಸಿಕ್ಕಿಕೊಳ್ಳುತ್ತದೆ?

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಬೋಲ್ಟ್ ರೈಫಲ್‌ಗೆ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥದ್ದು) ಕಾಡತೂಸು ತುಂಬಿ ರೂಢಿಯಿದೆ. ಈಗ ಅರೆ-ಸ್ವಯಂಚಾಲಿತ ರೈಫಲ್ ಎಆರ್-15ಕ್ಕೆ .223 ರೆಮಿಂಗ್ಟನ್ ಅಳತೆಯ ಕಾಡತೂಸು ತುಂಬುತ್ತಿದ್ದೇನೆ. ಗುರಿ ಚೆನ್ನಾಗಿದೆ, ಆದರೆ ನಾಲ್ಕೈದಕ್ಕೊಮ್ಮೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯ ಕಾಡತೂಸಿಗೆ ಈ ತೊಂದರೆ ಇಲ್ಲ.

ಉತ್ತರ: ಅಂಗಡಿಯದು ಅದೇ ಮ್ಯಾಗಜೀನ್‌ನಿಂದ ಸಲೀಸಾಗಿ ಹೋಗುತ್ತದೆ ಅಂದಮೇಲೆ ಸ್ಪ್ರಿಂಗ್ ಮೇಲೆ ಅನುಮಾನ ಬೇಡ. ನಿಮ್ಮ ಬೋಲ್ಟ್ ರೈಫಲ್ ರೂಢಿಯನ್ನೇ ಮೊದಲು ನೋಡೋಣ.

ಅಲ್ಲಿ ಬುಲೆಟ್ಟನ್ನು ಬ್ಯಾರಲ್‌ನ ರೈಫ್ಲಿಂಗ್‌ಗೆ (ಒಳಗಿನ ಸುರುಳಿ ಗೀರುಗಳಿಗೆ) ಆದಷ್ಟು ಹತ್ತಿರ ಕೂರಿಸುತ್ತೀರಿ, ಅಲ್ವಾ? ಎಆರ್-15ರಲ್ಲಿ ಕಾಡತೂಸಿನ ಉದ್ದವನ್ನು ತೀರ್ಮಾನಿಸುವುದು ಮ್ಯಾಗಜೀನ್. .223ಕ್ಕೆ ಗೊತ್ತುಮಾಡಿದ ಗರಿಷ್ಠ ಉದ್ದ 2.260 ಇಂಚು, ಅಂದರೆ 57.4 ಮಿ.ಮೀ. ಅದಕ್ಕಿಂತ ಜಾಸ್ತಿಯಾದರೆ ತುದಿ ಮ್ಯಾಗಜೀನ್‌ನ ಮುಂದಿನ ಗೋಡೆಗೆ ಉಜ್ಜುತ್ತದೆ. ಗೋಡೆಯ ಒಳಗೆ ತಾಮ್ರದ ಗೀರು ಇದೆಯೇ ನೋಡಿ. ಇದ್ದರೆ ಕಳ್ಳ ಸಿಕ್ಕಿಬಿದ್ದ. ಸ್ಪರ್ಧೆಗಳಲ್ಲಿ 600 ಗಜಕ್ಕೆ 80 ಗ್ರೇನ್‌ನ (ಗ್ರೇನ್ ಅಂದರೆ ಬುಲೆಟ್ ತೂಕದ ಅಳತೆ) ಉದ್ದ ಬುಲೆಟ್ ಬಳಸುವವರು ಒಂದೊಂದನ್ನೇ ಕೈಯಿಂದ ಹಾಕುವುದೂ ಇದಕ್ಕೇ. ಮ್ಯಾಗಜೀನ್‌ನಿಂದಲೇ ಹೊಡೆಯಬೇಕಾದರೆ 77 ಗ್ರೇನ್‌ಗೆ ನಿಲ್ಲಿಸಿ. ಆಳಕ್ಕೆ ಕೂರಿಸಿದಷ್ಟೂ ಒತ್ತಡ ಏರುತ್ತದೆ, ಹಾಗಾಗಿ ಮದ್ದಿನ ಅಳತೆಯನ್ನು ಕೈಪಿಡಿ ನೋಡಿ ಕೆಳಗಿನಿಂದ ಮತ್ತೆ ಶುರು ಮಾಡಿ.

ಗೀರು ಇಲ್ಲ, ಬೋಲ್ಟ್ (ಬ್ಯಾರಲ್‌ನ ಹಿಂಬದಿ ಮುಚ್ಚುವ ತುಂಡು) ಮಾತ್ರ ಪೂರ್ತಿ ಮುಚ್ಚುತ್ತಿಲ್ಲವೇ? ಆಗ ಕೇಸ್, ಅಂದರೆ ಕಾಡತೂಸಿನ ಹಿತ್ತಾಳೆ ಕೋಶ ನೋಡಿ. ಬುಲೆಟ್ ಹಿಡಿಯುವ ಕುತ್ತಿಗೆಯನ್ನಷ್ಟೇ ಸೈಜ್ ಮಾಡುವ (ಒತ್ತಿ ಅಳತೆಗೆ ತರುವ) ಪದ್ಧತಿ ಇಲ್ಲಿ ನಡೆಯದು. ಇಡೀ ಕೇಸನ್ನು ಒತ್ತುವ ಫುಲ್ ಲೆಂಗ್ತ್ ಡೈ (ಅಚ್ಚು) ಬೇಕು, ಭುಜವನ್ನು (ಕುತ್ತಿಗೆಯ ಕೆಳಗಿನ ಇಳಿಜಾರನ್ನು) ಮೂರ್ನಾಲ್ಕು ಸಾವಿರಾಂಶ ಇಂಚು ಹಿಂದಕ್ಕೆ ತಳ್ಳಬೇಕು. ಕೇಸಿನ ಉದ್ದ 1.760 ಇಂಚು ದಾಟಿದ್ದರೆ 1.750ಕ್ಕೆ ಕತ್ತರಿಸಿ. ಕೇಸಿನ ಅಳತೆ ನೋಡುವ ಒಂದು ಕೇಸ್ ಗೇಜ್ ಕೊಂಡುಕೊಳ್ಳಿ, ಸುಮ್ನೆ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಕೆಲವರು ಇದಕ್ಕೆ ಪರಿಹಾರ ಅಂತ ಕ್ರಿಂಪ್ (ಕೇಸಿನ ಬಾಯನ್ನು ಬುಲೆಟ್ ಮೇಲೆ ಒತ್ತುವುದು) ಜೋರಾಗಿ ಒತ್ತುತ್ತಾರೆ. ಅದರಿಂದ ಭುಜವೇ ಉಬ್ಬಿ, ರೋಗ ಇನ್ನೂ ಜಾಸ್ತಿ.

ಕುತ್ತಿಗೆಯ ಹಿಡಿತವನ್ನೂ ಪರೀಕ್ಷಿಸಬೇಕು. ಮದ್ದು, ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ತಳದ ಪುಟ್ಟ ಬಟ್ಟಲು) ಎರಡೂ ಇಲ್ಲದ ಐದು ಡಮ್ಮಿ ಮಾಡಿ, ಉದ್ದ ಬರೆದಿಟ್ಟುಕೊಳ್ಳಿ. ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಬೇಡಿ, ತಾನಾಗಿ ಬಡಿಯಲಿ. ಹೊರತೆಗೆದು ಮತ್ತೆ ಅಳೆಯಿರಿ. ಬುಲೆಟ್ ಒಳಗೆ ಸರಿದಿದ್ದರೆ ಆ ಬಗೆಯಲ್ಲಿ ತುಂಬಿದ್ದನ್ನು ಹಾರಿಸಬೇಡಿ.

ಪ್ರೈಮರ್ ಕೇಸಿನ ತಳದ ಮಟ್ಟಕ್ಕಿಂತ ತುಸು ಒಳಗೇ ಇರಬೇಕು. ಎಆರ್-15ರಲ್ಲಿ ಪ್ರೈಮರ್‌ಗೆ ಹೊಡೆಯುವ ಫೈರಿಂಗ್ ಪಿನ್‌ಗೆ ತಡೆಯುವ ಸ್ಪ್ರಿಂಗ್ ಇಲ್ಲ, ಬೋಲ್ಟ್ ಮುಚ್ಚುವಾಗ ಪ್ರೈಮರ್‌ಗೆ ಸಣ್ಣಗೆ ತಾಗುತ್ತದೆ. ಎದ್ದು ನಿಂತ ಪ್ರೈಮರ್ ಟ್ರಿಗರ್ ಎಳೆಯದೆಯೂ ಸಿಡಿಯಬಹುದು.

ಅಂದಹಾಗೆ, ಊರಿನ ಓದುಗರು ಇದನ್ನು ಪ್ರಯೋಗ ಮಾಡಲು ಹೋಗಬೇಡಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಟೆಕ್ಸಾಸ್‌ನವರು ಇವತ್ತು ಮೊದಲು ಟಾರ್ಚ್ ಹಿಡಿದು ಮ್ಯಾಗಜೀನ್‌ನ ಮುಂದಿನ ಗೋಡೆ ನೋಡಿ.