ಅಂಬಾಸಿಡರ್‌ಗೆ ಇಂಜೆಕ್ಷನ್: ಮ್ಯಾಪ್ ಬಿಡಿ, ಮೊದಲು ಪೆಟ್ರೋಲ್ ಲೈನ್ ನೋಡಿ

ಹಳೆಯ ಕಾರಿಗೆ ಕಾರ್ಬೊರೇಟರ್ ತೆಗೆಸಿ ಪೆಟ್ರೋಲ್ ಇಂಜೆಕ್ಷನ್ ಹಾಕಿಸಿದವರ ಪತ್ರಗಳಲ್ಲಿ ಅದೇ ತಪ್ಪುಗಳು ಮತ್ತೆ ಮತ್ತೆ ಕಾಣುತ್ತಿವೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ, ಉಳಿದವಕ್ಕೆ ಒಂದೊಂದು ಮಾತು. ಇಸಿಯು (ಇಂಜೆಕ್ಷನ್ ಆಳುವ ಕಂಪ್ಯೂಟರ್) ಎಂದರೇನು, ಸೆನ್ಸರ್ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಪ್ರಶ್ನೆ: ನಂದು 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಕಾರ್ಬೊರೇಟರ್ ತೆಗೆಸಿ ನಾಲ್ಕು ಇಂಜೆಕ್ಟರ್ ಹಾಕಿಸೀನಿ. ಮುಂಜಾನೆ ಚಲೋ ಓಡತೈತಿ. ಮಧ್ಯಾಹ್ನ ಇಪ್ಪತ್ತು ನಿಮಿಷ ಓಡಿದ ಮ್ಯಾಲೆ ಪಂಪ್ ಕಿರುಗುಟ್ಟಿ ಗಾಡಿ ಬಂದ್ ಬೀಳತೈತಿ, ಅರ್ಧ ತಾಸು ಬಿಟ್ರ ಮತ್ತ ಚಾಲೂ. ಐಡ್ಲಿಂಗ್ ಏರಿಳಿತೈತಿ, ಡಿಕ್ಕಿಯೊಳಗ ಪೆಟ್ರೋಲ್ ವಾಸನಿ. ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕಂತ ಇಸಿಯು ನೋಡೋ ಪಟ್ಟಿ) ಬದಲಿಸೋಣು ಅಂತಾರ ಮಿಸ್ತ್ರಿ. ಏನ್ ಮಾಡ್ಲಿ ಸರ್? (ವಿಜಯಪುರದ ಓದುಗರು)

ಉತ್ತರ: ವಾಸನೆ ಹೋಗುವವರೆಗೆ ಗಾಡಿ ಹೊರಗೆ ತೆಗೆಯಬೇಡಿ. ಕಾರ್ಬೊರೇಟರಿಗೆ 0.2–0.3 ಬಾರ್ ಒತ್ತಡ ಸಾಕಿತ್ತು, ಈಗ ಅದೇ ಲೈನಿನಲ್ಲಿ 3 ಬಾರ್ ಇದೆ. ಹಳೆಯ ಹೋಸ್, ಸ್ಕ್ರೂ ಕ್ಲಿಪ್ ಅದನ್ನು ತಡೆಯಲಾರವು. ಹೋಸಿನ ಮೈಮೇಲೆ ‘30ಆರ್9’ ಎಂಬ ಅಚ್ಚು ಇರಬೇಕು. ‘30ಆರ್7’ ಇದ್ದರೆ ಅದು ಕಾರ್ಬೊರೇಟರಿನದು, ಕಿತ್ತು ಎಸೆಯಿರಿ. ಅಂಚು ಹೊರಕ್ಕೆ ಮಡಚಿದ ಇಂಜೆಕ್ಷನ್ ಕ್ಲ್ಯಾಂಪ್ ಹಾಕಿಸಿ. ಸ್ಕ್ರೂ ಕ್ಲಿಪ್ಪಿನ ಸೀಳು ಪಟ್ಟಿ ರಬ್ಬರನ್ನು ಕೊಯ್ಯುತ್ತದೆ.

ಗಾಡಿ ಬಂದ್ ಬೀಳುವುದಕ್ಕೂ ಮ್ಯಾಪಿಗೂ ಸಂಬಂಧವಿಲ್ಲ. ಪಂಪ್ ಕಿರುಗುಟ್ಟಿತೆಂದರೆ ಅದರ ಬಾಯಿಗೆ ಪೆಟ್ರೋಲ್ ಬದಲು ಆವಿ ಬರುತ್ತಿದೆ. ಹೊರಗೆ ಕೂಡಿಸುವ ಪಂಪ್ ಜೋರಾಗಿ ದೂಡುತ್ತದೆ, ಎಳೆಯುವ ಶಕ್ತಿ ಅದಕ್ಕಿಲ್ಲ. ಟ್ಯಾಂಕಿಗಿಂತ ಮೇಲಿದ್ದರೆ, ಎಳೆಯುವ ಕಡೆ ಸಣ್ಣ ಪೈಪ್ ಅಥವಾ ಕಟ್ಟಿದ ಫಿಲ್ಟರ್ ಇದ್ದರೆ, ಬಿಸಿ ಪೆಟ್ರೋಲ್ ಅಲ್ಲೇ ಕುದಿಯುತ್ತದೆ. ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನ್ ಹಾಕದೆ, ಒತ್ತಡ ಕಾಯುವ ರೆಗ್ಯುಲೇಟರನ್ನು ಪಂಪಿನ ಪಕ್ಕದಲ್ಲೇ ಸುತ್ತುಹಾಕಿದ್ದರೆ ಅದೇ ನಾಲ್ಕು ಹನಿ ತಿರುಗಿ ತಿರುಗಿ ಇನ್ನಷ್ಟು ಕಾಯುತ್ತವೆ.

ಹೀಗೆ ಮಾಡಿಸಿ: ಕಡಿಮೆ ಒತ್ತಡದ ಪಂಪ್ ಟ್ಯಾಂಕಿನಿಂದ ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ (ನಡುವಿನ ಪುಟ್ಟ ಟ್ಯಾಂಕ್) ತುಂಬಲಿ. ಅದರ ತಳದಿಂದ 3 ಬಾರ್ ಪಂಪ್ ತೆಗೆದುಕೊಳ್ಳಲಿ. ರೆಗ್ಯುಲೇಟರ್ ಇಂಜೆಕ್ಟರ್ ರೇಲಿನ ತುದಿಗೆ ಇರಲಿ, ಅದರ ರಿಟರ್ನ್ ಸರ್ಜ್ ಟ್ಯಾಂಕಿಗೆ ಬರಲಿ, ಸರ್ಜ್ ಟ್ಯಾಂಕಿನ ಮೇಲ್ತುದಿಯಿಂದ ಉಕ್ಕುವುದು ದೊಡ್ಡ ಟ್ಯಾಂಕಿಗೆ ಹೋಗಲಿ. ಪಂಪ್ ರಿಲೇಗೆ ಬ್ಯಾಟರಿಯಿಂದ ನೇರ 2.5 ಚದರ ಮಿ.ಮೀ. ವೈರ್, 15 ಆಂಪ್ ಫ್ಯೂಸ್. ರಿಲೇಯನ್ನು ಇಸಿಯು ಆಳಬೇಕು, ಇಂಜಿನ್ ನಿಂತರೆ ಪಂಪ್ ನಿಲ್ಲಬೇಕು. ಕೀಲಿಗೆ ನೇರ ಜೋಡಿಸಿದ ಪಂಪ್ ಅಪಘಾತದಲ್ಲಿ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ.

ಇನ್ನು ಐಡ್ಲಿಂಗ್. ಅಂಬಾಸಿಡರಿನ ಈ ಬಿ-ಸೀರೀಸ್ ಇಂಜಿನ್ನಿನ ಹೆಡ್ಡಿಗೆ ಗಾಳಿ ಒಳಸೇರುವ ಪೋರ್ಟ್ (ಕಿಂಡಿ) ನಾಲ್ಕಲ್ಲ, ಎರಡೇ: 1–2ನೇ ಸಿಲಿಂಡರಿಗೆ ಒಂದು, 3–4ಕ್ಕೆ ಒಂದು. ಫೈರಿಂಗ್ ಆರ್ಡರ್ (ಸಿಲಿಂಡರುಗಳ ಸರದಿ) 1-3-4-2. ಅಂದರೆ ಒಂದು ಪೋರ್ಟಿನಲ್ಲಿ 2 ಎಳೆದ ಬೆನ್ನಿಗೇ 1 ಎಳೆಯುತ್ತದೆ, ಆಮೇಲೆ ದೊಡ್ಡ ಬಿಡುವು. ಬಿಡುವಿನಲ್ಲಿ ನಿಂತ ಪೆಟ್ರೋಲನ್ನೆಲ್ಲ 2 ಮತ್ತು 3 ನುಂಗುತ್ತವೆ, 1 ಮತ್ತು 4 ಬಡವಾಗುತ್ತವೆ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನಾಲ್ಕರ ಸರಾಸರಿ ತೋರಿಸಿ ‘ಎಲ್ಲ ಸರಿ’ ಎನ್ನುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ: ನಡುವಿನ ಎರಡು ಕಪ್ಪು, ಕೊನೆಯ ಎರಡು ಬಿಳಿಚು ಇದ್ದರೆ ಕಾರಣ ಇದೇ. ಈ ಹೆಡ್ಡಿಗೆ ಪೋರ್ಟಿನಲ್ಲೇ ಇಂಜೆಕ್ಟರ್ ಹಾಕುವ ಹಟ ಬಿಡಿ. ಕಾರ್ಬೊರೇಟರ್ ಇದ್ದ ಜಾಗದಲ್ಲೇ ಥ್ರಾಟಲ್ ಬಾಡಿ ಕೂಡಿಸಿ, ಅದರ ಬಟರ್‌ಫ್ಲೈ (ಗಾಳಿ ಬಿಡುವ ತಟ್ಟೆ) ಮೇಲ್ಗಡೆ ಎರಡು ಇಂಜೆಕ್ಟರ್ ಇಡಿಸಿ. ಪೆಟ್ರೋಲ್ ಗಾಳಿಯಲ್ಲಿ ಬೆರೆತೇ ಪೋರ್ಟಿಗೆ ಹೋಗುತ್ತದೆ. 50 ಅಶ್ವಶಕ್ತಿಗೆ ಒಟ್ಟು ನಿಮಿಷಕ್ಕೆ ಸುಮಾರು 330 ಸಿಸಿ ಪೆಟ್ರೋಲ್ ಬಿಡುವ ಇಂಜೆಕ್ಟರ್ ಸಾಕು, ಅಂದರೆ ತಲಾ 165–180. ದೊಡ್ಡದು ಹಾಕಿದರೆ ಐಡ್ಲಿಂಗಿನಲ್ಲಿ ಪಲ್ಸ್ (ಇಂಜೆಕ್ಟರ್ ತೆರೆದಿರುವ ಹೊತ್ತು) 1.5 ಮಿಲಿಸೆಕೆಂಡಿಗಿಂತ ಕೆಳಗಿಳಿದು ಅಳತೆ ತಪ್ಪುತ್ತದೆ. ಅಡಾಪ್ಟರ್ ಪ್ಲೇಟನ್ನು ಬೆಳಗಾವಿಯ ಉದ್ಯಮಬಾಗದಲ್ಲಿ ಅಲ್ಯೂಮಿನಿಯಂನಲ್ಲಿ ಕೊರೆಸಬಹುದು. ಮೂಲ ಮ್ಯಾನಿಫೋಲ್ಡಿಗೆ ಡ್ರಿಲ್ ಹಚ್ಚಬೇಡಿ.

ಡೈನಮೋ ಇನ್ನೂ ಇದ್ದರೆ ಆಲ್ಟರ್ನೇಟರ್ ಹಾಕಿಸದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಐಡ್ಲಿಂಗಿನಲ್ಲಿ ಡೈನಮೋ ಕೊಡುವ ಕರೆಂಟ್ ಪಂಪಿಗೂ ಸಾಲದು. ತಾಮ್ರದ ಪ್ಲಗ್ ವೈರ್ ಬದಲು ರೆಸಿಸ್ಟರ್ ವೈರ್ ಹಾಕಿ, ಇಲ್ಲದಿದ್ದರೆ ಕಿಡಿಯ ವಿದ್ಯುತ್ ಗದ್ದಲಕ್ಕೆ ಇಸಿಯು ರೀಸೆಟ್ ಆಗುತ್ತದೆ.

ಪ್ರಶ್ನೆ: ಇ20 (20% ಎಥೆನಾಲ್ ಬೆರೆತ) ಪೆಟ್ರೋಲಿಗೆ ಇಂಜೆಕ್ಷನ್ ಹಾಕಿಸಿದರೆ ಚಿಂತೆ ಇಲ್ಲವೇ? (ಜಮಖಂಡಿ)
ಉತ್ತರ: ಅರ್ಧ ಚಿಂತೆ ಮಾತ್ರ ಹೋಗುತ್ತದೆ. ಒಂದು ಪಾಲು ಶುದ್ಧ ಪೆಟ್ರೋಲಿಗೆ ತೂಕದಲ್ಲಿ ಗಾಳಿಯ ಪ್ರಮಾಣ 14.7 ಪಾಲು ಇದ್ದರೆ ಇ20ಗೆ ಸುಮಾರು 13.5, ಸೆನ್ಸರ್ ಇರುವ ಇಸಿಯು ಅದನ್ನು ಹೊಂದಿಸಿಕೊಳ್ಳುತ್ತದೆ. ಹಳೆಯ ರಬ್ಬರ್, ತುಕ್ಕು ಹಿಡಿದ ಟ್ಯಾಂಕ್ ಹೊಂದಿಸಿಕೊಳ್ಳುವುದಿಲ್ಲ. ತುಕ್ಕಿನ ಪುಡಿ ಇಂಜೆಕ್ಟರನ್ನು ಕೊಲ್ಲುತ್ತದೆ.

ಪ್ರಶ್ನೆ: ಟೆಂಪರೇಚರ್ ಸೆನ್ಸರಿಗೆ ರೆಸಿಸ್ಟರ್ ಹಾಕಿದರೆ ಮೈಲೇಜ್ ಏರುತ್ತದಂತೆ? ಪೈಪಿಗೆ ಮ್ಯಾಗ್ನೆಟ್?
ಉತ್ತರ: ಎರಡೂ ಮೋಸ. ಮಾರುವವರನ್ನು ಗ್ಯಾರೇಜಿನೊಳಗೆ ಬಿಡಬೇಡಿ.

ಪ್ರಶ್ನೆ: ಚೋರ್ಲಾ ಘಾಟಿಗೆ ಬೇರೆ ಸೆಟ್ಟಿಂಗ್ ಬೇಕೆ? (ಬೆಳಗಾವಿ)
ಉತ್ತರ: ಬೇಡ, ಗಾಳಿಯ ಒತ್ತಡ ಅಳೆಯುವುದೇ ಮ್ಯಾಪ್ ಸೆನ್ಸರಿನ (ಮೇಲೆ ಹೇಳಿದ ಮ್ಯಾಪ್ ಅಲ್ಲ, ಮ್ಯಾನಿಫೋಲ್ಡಿನ ಒತ್ತಡ ನೋಡುವ ಸೆನ್ಸರ್) ಕೆಲಸ.

ಪ್ರಶ್ನೆ: ಇಂಜೆಕ್ಷನ್ ಹಾಕಿದ ಕಾರಿಗೆ ವಿಂಟೇಜ್ ನಂಬರ್ ಸಿಗುತ್ತದೆಯೇ? (ಬಾಗಲಕೋಟೆ)
ಉತ್ತರ: 2021ರ ನಿಯಮದಂತೆ ಕಾರಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು. ‘ವಿಎ’ (ವಿಂಟೇಜ್) ನಂಬರ್ ಬೇಕಿದ್ದರೆ ಕಾರ್ಬೊರೇಟರ್ ಬಿಚ್ಚಲೇಬೇಡಿ. ಈಗಾಗಲೇ ಬಿಚ್ಚಿದ್ದರೆ ಮ್ಯಾನಿಫೋಲ್ಡ್, ಲಿಂಕೇಜ್, ಮೆಕ್ಯಾನಿಕಲ್ ಪಂಪ್ ಸಮೇತ ಎಣ್ಣೆ ಸವರಿ ಡಬ್ಬಿಯಲ್ಲಿ ಇಡಿ.