ಚೀಲ ಹೊತ್ತವರ ಮೇಲೇ ಕಣ್ಣೇಕೆ?

ಪ್ರಶ್ನೆ: ಪಿಯುಸಿ ಓದುತ್ತಿರುವ ಮಗಳು ‘ಅಪರಾಧಕ್ಕೆ ಬಡತನವೇ ಮೂಲ’ ಎಂದು ಟಿಪ್ಪಣಿ ಬರೆದುಕೊಂಡು ಬಂದಿದ್ದಾಳೆ. ನಮ್ಮ ತಂದೆ ಮಂಡಿಯಲ್ಲಿ ಕೊಬ್ಬರಿ ಚೀಲ ಹೊತ್ತು ಐದು ಮಕ್ಕಳನ್ನು ಸಾಕಿದರು. ಒಂದು ಚೂರು ಕೊಬ್ಬರಿಯನ್ನೂ ಕದ್ದು ತಂದವರಲ್ಲ. ಈಗ ಎಂಬತ್ತು ದಾಟಿದೆ, ಮಗಳು ಓದುವುದನ್ನು ಕೇಳಿ ಎದ್ದು ಹೋದರು. ಇಂಥ ಪಾಠ ಬಡವರಿಗೆ ಅವಮಾನವಲ್ಲವೇ ಮೇಡಂ?
– ಓದುಗರು, ತಿಪಟೂರು

ಉತ್ತರ: ಅವಮಾನವೇ. ಟಿಪ್ಪಣಿ ಬರೆಸಿದವರು ಅರ್ಧ ಪಾಠಕ್ಕೇ ನಿಲ್ಲಿಸಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಬಡತನವೊಂದನ್ನೇ ದೂರಲಿಲ್ಲ. ದುಡ್ಡು ಮಾಡಿದವನೇ ಮನುಷ್ಯ ಎಂದು ಎಲ್ಲರ ಕಿವಿಯಲ್ಲೂ ಊದಿ, ಅದಕ್ಕಿರುವ ನೇರ ದಾರಿಯನ್ನು ಕೆಲವರಿಗಷ್ಟೇ ತೆರೆದಿಟ್ಟರೆ, ಉಳಿದವರಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ ಎಂದರು. ದಾರಿ ಮುಚ್ಚಿದ್ದರೂ ನೇರವಾಗಿಯೇ ನಡೆದವರ ಬಗ್ಗೆಯೂ ಬರೆದರು. ನಿಮ್ಮ ತಂದೆ ಆ ಸಾಲಿನವರು.

ಷಿಕಾಗೋದಲ್ಲಿ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಎಂಬ ಸಂಶೋಧಕರು ಬಾಲಾಪರಾಧಿಗಳ ಮನೆಗಳನ್ನು ನಗರದ ನಕ್ಷೆಯ ಮೇಲೆ ಗುರುತಿಸುತ್ತಾ ಹೋದರು. ಕಾರ್ಖಾನೆಗಳ ಪಕ್ಕದ ಕೇರಿಗಳಲ್ಲಿ ಮೊದಲು ಜರ್ಮನರು, ಐರಿಷರು ಇದ್ದರು. ಆಮೇಲೆ ಇಟಲಿಯವರು, ಪೋಲೆಂಡಿನವರು ಬಂದರು. ಜನ ಬದಲಾದರೂ ಆ ಕೇರಿಗಳ ಅಪರಾಧದ ಪ್ರಮಾಣ ಇಳಿಯಲಿಲ್ಲ. ಕೇರಿ ಬಿಟ್ಟು ಹೋದವರಲ್ಲಿ ಮಾತ್ರ ಇಳಿಯಿತು. ದೋಷ ರಕ್ತದಲ್ಲಿದ್ದಿದ್ದರೆ ಅವರ ಹಿಂದೆಯೇ ಹೋಗಬೇಕಿತ್ತಲ್ಲ!

ನಮ್ಮಲ್ಲಿ ರಕ್ತವನ್ನೇ ಕಾನೂನು ಮಾಡಿದರು. ಕೆಲವು ಸಮುದಾಯಗಳವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿ ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮುಂದೆ ನಮ್ಮ ಕಡೆಗೂ ಬಂತು. ಹುಬ್ಬಳ್ಳಿಯಲ್ಲಿ ಕುಟುಂಬ ಕುಟುಂಬಗಳನ್ನೇ ಬೇಲಿಯೊಳಗಿಟ್ಟು ಹಾಜರಿ ಕೂಗಿದರು. ಕಾಯ್ದೆ 1952ರಲ್ಲಿ ರದ್ದಾಯಿತು, ಜಾಗಕ್ಕೆ ‘ಸೆಟ್ಲಮೆಂಟ್’ ಎಂಬ ಹೆಸರು ಉಳಿಯಿತು. ನಾನು ಅದೇ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅಲ್ಲಿಂದ ಬರುತ್ತಿದ್ದ ಹುಡುಗನೊಬ್ಬ ನೌಕರಿ ಅರ್ಜಿಗೆ ಸಹಿ ಕೇಳಿದ. ವಿಳಾಸದ ಸಾಲಿನಲ್ಲಿ ಕಾಗದ ತೆಳ್ಳಗಾಗಿ ಆಚೆಯ ಬೆಳಕು ಕಾಣುತ್ತಿತ್ತು. ಆ ಒಂದು ಪದವನ್ನು ಬ್ಲೇಡಿನಿಂದ ಕೆರೆದು, ಅದರ ಮೇಲೆ ಸೋದರಮಾವನ ಓಣಿಯ ಹೆಸರು ಬರೆದಿದ್ದ. “ಹಳೆಯ ವಿಳಾಸ ಹಾಕಿದರೆ ಸಂದರ್ಶನಕ್ಕೇ ಕರೆಯುವುದಿಲ್ಲ ಮೇಡಂ” ಎಂದ. ಅವನ ತಂದೆಯೂ ಹಮಾಲರೇ. ಅವರೂ ಯಾರದನ್ನೂ ಮುಟ್ಟಿದವರಲ್ಲ.

ಇನ್ನು, ಜೈಲಿನಲ್ಲಿರುವವರೆಲ್ಲ ಬಡವರೇ ಎನ್ನುವವರಿಗೆ ಒಂದು ಮಾತು. 2022ರ ಕೊನೆಯಲ್ಲಿ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಜಾಮೀನು ಸಿಕ್ಕರೂ ಜಾಮೀನುದಾರರು ಸಿಗಬೇಕಲ್ಲ? ಮಧ್ಯಪ್ರದೇಶದಲ್ಲಿ ಗಾರೆ ಕೆಲಸದ ಮೋತಿರಾಮ್ ಎಂಬವರನ್ನು ಜಾಮೀನಿನ ಮೇಲೆ ಬಿಡಲು ಸುಪ್ರೀಂ ಕೋರ್ಟೇ ಹೇಳಿದ್ದರೂ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಭದ್ರತೆ ಕೇಳಿದರು. ಸಹೋದರ ಮುಂದೆ ಬಂದರೆ, ಅವರ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಕನ್ನಡಿಗನೊಬ್ಬ ಬಸ್ತರ್‌ನಲ್ಲಿ ಬಂಧಿತನಾದರೆ ಏನು ಮಾಡಬೇಕು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲಿ ಕೇಳಿದರು. 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು.

ನಿಮ್ಮ ಮಗಳು ಟಿಪ್ಪಣಿ ಪುಸ್ತಕ ಹಿಡಿದು ತಾತನ ಹತ್ತಿರ ಕೂರಲಿ. ಮಂಡಿಯಲ್ಲಿ ಒಂದು ಚೀಲ ಲೆಕ್ಕಕ್ಕೆ ಕಡಿಮೆ ಬಿದ್ದ ದಿನ ಮೊದಲು ಯಾರ ಜೇಬು ತಡಕುತ್ತಿದ್ದರು, ಗುಮಾಸ್ತರದೋ ಹಮಾಲರದೋ ಎಂದು ಕೇಳಲಿ.