ಹಡಗಿನಲ್ಲಿ ಮನೆ ಸಾಮಾನು: ಲಾರಿ ನಂಬರ್ ತೋರಿಸಿದರೆ ಸಾಲದು

ಪ್ರಶ್ನೆ: ನ್ಯೂಜೆರ್ಸಿ ಬಿಟ್ಟು ಬೆಂಗಳೂರಿಗೆ ವಾಪಸ್ ಬರುತ್ತಿದ್ದೇವೆ. ಒಂದು ಮೂವರ್ಸ್ ಕಂಪನಿ ಉಳಿದವರಿಗಿಂತ ತುಂಬಾ ಕಡಿಮೆ ರೇಟು ಹೇಳಿದೆ. ಲೈಸೆನ್ಸ್ ಕೇಳಿದ್ದಕ್ಕೆ ಯುಎಸ್ ಡಾಟ್ ನಂಬರ್ ಕೊಟ್ಟರು. ನಂಬಬಹುದಾ?

ಉತ್ತರ: ಆ ನಂಬರ್ ಲಾರಿಗೆ, ಹಡಗಿಗಲ್ಲ. ಅಮೆರಿಕದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವವರು ಪಡೆಯುವ ನಂಬರ್ ಅದು. ಸಮುದ್ರ ದಾಟುವ ಸರಕಿನ ಮಧ್ಯವರ್ತಿಗಳಿಗೆ ಲೈಸೆನ್ಸ್ ಕೊಡುವುದು ಫೆಡರಲ್ ಮ್ಯಾರಿಟೈಮ್ ಕಮಿಷನ್, ಅಂದರೆ ಎಫ್‌ಎಂಸಿ. 1984ರ ಶಿಪ್ಪಿಂಗ್ ಆ್ಯಕ್ಟ್ ಅದಕ್ಕೆ ಆ ಅಧಿಕಾರ ಕೊಟ್ಟಿದೆ.

ಈ ಮಧ್ಯವರ್ತಿಗಳಲ್ಲಿ ಎರಡು ಬಗೆ. ಫಾರ್ವರ್ಡರ್ ನಿಮ್ಮ ಪರವಾಗಿ ಹಡಗಿನಲ್ಲಿ ಜಾಗ ಬುಕ್ ಮಾಡಿ ಕಾಗದಪತ್ರ ನೋಡಿಕೊಳ್ಳುತ್ತಾನೆ, ಅಷ್ಟೇ. ಇನ್ನೊಂದು ಬಗೆ ಎನ್‌ವಿಒಸಿಸಿ, ಅಂದರೆ ಹಡಗಿಲ್ಲದ ಸಾಗಣೆದಾರ. ಅವನು ಹಾಗಲ್ಲ. ಸ್ವಂತ ಹಡಗು ಇರುವುದಿಲ್ಲ, ಆದರೂ ತನ್ನದೇ ಹೆಸರಿನಲ್ಲಿ ಬಿಲ್ ಆಫ್ ಲೇಡಿಂಗ್ (ಸರಕು ಪಡೆದ ರಸೀದಿ, ಸಾಗಣೆ ಕರಾರು ಎರಡೂ ಆಗುವ ಪತ್ರ) ಕೊಟ್ಟು ಸಾಗಣೆಯ ಹೊಣೆ ಹೊರುತ್ತಾನೆ. ಲೈಸೆನ್ಸ್ ಬೇಕಿದ್ದರೆ ಕಂಪನಿಯ ಜವಾಬ್ದಾರಿ ಹೊತ್ತ ಒಬ್ಬರಿಗೆ ಅಮೆರಿಕದಲ್ಲೇ ಕನಿಷ್ಠ 3 ವರ್ಷ ಇದೇ ಕೆಲಸದ ಅನುಭವ ಇರಬೇಕು. ಜೊತೆಗೆ ಫಾರ್ವರ್ಡರ್ 50,000 ಡಾಲರ್, ಎನ್‌ವಿಒಸಿಸಿ 75,000 ಡಾಲರ್ ಬಾಂಡ್, ಅಂದರೆ ಖಾತರಿ ಹಣ, ಇಡಬೇಕು.

ಎಡವಟ್ಟು ಹೇಗಾಗುತ್ತದೆ ಗೊತ್ತಾ? ಲೈಸೆನ್ಸ್ ಇಲ್ಲದ ಮೂವರ್ ನಿಮ್ಮ ಹತ್ತಿರ ಪೂರ್ತಿ ದುಡ್ಡು ತಗೊಂಡು, ಪೆಟ್ಟಿಗೆಗಳನ್ನು ಒಬ್ಬ ಎನ್‌ವಿಒಸಿಸಿಗೆ ಒಪ್ಪಿಸುತ್ತಾನೆ. ಅವರಿಗೆ ಬಾಡಿಗೆ ಮಾತ್ರ ಕಟ್ಟುವುದಿಲ್ಲ. ಕಂಟೇನರ್ ಚೆನ್ನೈಗೆ ಬಂದು ಕೂತಿರುತ್ತದೆ. ಬಾಡಿಗೆ ಬರುವವರೆಗೂ ಸಾಮಾನು ಬಿಡಿಸಿಕೊಳ್ಳಲು ಬೇಕಾದ ಡೆಲಿವರಿ ಆರ್ಡರ್ ಸಿಗಲ್ಲ, ಡಿಮರೇಜ್ (ಕಂಟೇನರ್ ಬಂದರಿನಲ್ಲೇ ಉಳಿದದ್ದಕ್ಕೆ ಬೀಳುವ ಶುಲ್ಕ) ಏರುತ್ತಲೇ ಹೋಗುತ್ತದೆ. ನಿಮ್ಮ ಸಾಮಾನಿಗೆ ನೀವೇ ಎರಡನೇ ಸಲ ದುಡ್ಡು ಕೊಡಬೇಕಾದ ಸ್ಥಿತಿ.

ಹಾಗಾಗಿ ಮುಂಗಡ ಕೊಡುವ ಮೊದಲು ಎಫ್‌ಎಂಸಿ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ಹುಡುಕಿ. ನಿಮ್ಮ ಕರಾರಿನಲ್ಲಿರುವ ಹೆಸರೇ ಇರಬೇಕು. ಹತ್ತಿರದ ಹೆಸರಾದರೆ ಆಗದು. 'ನಾವು ಲೈಸೆನ್ಸ್ ಇರುವವರ ಏಜೆಂಟ್' ಎಂದರೆ ಅದೂ ಸುಳ್ಳೇ ಆಗಿರಬೇಕಿಲ್ಲ, ಏಜೆಂಟರಿಗೆ ಬೇರೆ ಲೈಸೆನ್ಸ್ ಬೇಡ. ಆದರೆ ಆಗ ಬಿಲ್ ಆಫ್ ಲೇಡಿಂಗ್ ಆ ಕಂಪನಿಯ ಹೆಸರಿನಲ್ಲಿ ಬರಬೇಕು. ಪಟ್ಟಿಯಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ.

ಬಿಲ್ ಕೈಗೆ ಬಂದಾಗ ಎಡಗಡೆ ಮೇಲಿನ 'ಶಿಪ್ಪರ್' ಚೌಕ ನೋಡಿ. ಎನ್‌ವಿಒಸಿಸಿ ಕೊಡುವ ಹೌಸ್ ಬಿಲ್‌ನಲ್ಲಿ ಅಲ್ಲಿ ನಿಮ್ಮ ಹೆಸರಿರಬೇಕು. ಮೂವರ್ ಹೆಸರಿದ್ದರೆ ಎನ್‌ವಿಒಸಿಸಿ ಲೆಕ್ಕದಲ್ಲಿ ಗಿರಾಕಿ ಅವನೇ, ನೀವಲ್ಲ. ಹಡಗು ಕಂಪನಿ ಕೊಡುವ ಮಾಸ್ಟರ್ ಬಿಲ್‌ನಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಗಾಬರಿ ಬೇಡ, ಅದು ಮಾಮೂಲಿ.

ಇನ್ನೊಂದು ಮಾತು. ಬಾಂಡ್ ಇದೆ ಅಂತ ವಿಮೆ ಬಿಡಬೇಡಿ. ಬಾಂಡ್ ದುಡ್ಡು ಕಂಪನಿಯ ಎಲ್ಲ ಗಿರಾಕಿಗಳಿಗೂ ಸೇರಿದ್ದು, ಅದೂ ಸುಲಭಕ್ಕೆ ಕೈಗೆ ಬರಲ್ಲ. ಸಾಮಾನು ಒಡೆದರೆ ಅಮೆರಿಕದ ಕಾನೂನಿನಲ್ಲಿ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಒಂದು ಪ್ಯಾಕೇಜಿಗೆ 500 ಡಾಲರ್‌ಗೆ ನಿಲ್ಲುತ್ತದೆ. ಮರೈನ್ ವಿಮೆ ಬೇರೆಯಾಗಿ ಮಾಡಿಸಿ. ಸಾಮಾನು ಈಗಾಗಲೇ ಸಿಕ್ಕಿಹಾಕಿಕೊಂಡವರು ಎಫ್‌ಎಂಸಿಯ ಗ್ರಾಹಕ ವಿಭಾಗಕ್ಕೆ ಬರೆಯಬಹುದು, ಅವರು ಸಂಧಾನಕ್ಕೆ ನೆರವಾಗುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ಆ ಅಗ್ಗದ ರೇಟಿನ ಬಗ್ಗೆ ನನಗೆ ಅನುಮಾನವೇ.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮದು ಸಣ್ಣ ಫಾರ್ವರ್ಡಿಂಗ್ ಕಚೇರಿ. ಅಮೆರಿಕಕ್ಕೆ ನಮ್ಮದೇ ಹೌಸ್ ಬಿಲ್ ಕೊಡಲು ಅಲ್ಲಿನ ಲೈಸೆನ್ಸ್ ಬೇಕಾ?

ಉತ್ತರ: ಹೌಸ್ ಬಿಲ್ ಕೊಟ್ಟರೆ ನೀವೂ ಎನ್‌ವಿಒಸಿಸಿಯೇ. ಆದರೆ ಲೈಸೆನ್ಸೇ ಬೇಕೆಂದಿಲ್ಲ, ಎಫ್‌ಎಂಸಿಯಲ್ಲಿ ನೋಂದಣಿ ಸಾಕು. ಎಫ್‌ಎಂಸಿ-65 ಎಂಬ ಫಾರಂ ತುಂಬಬೇಕು. 3 ವರ್ಷಕ್ಕೊಮ್ಮೆ ನವೀಕರಣ. ಆದರೆ ಬಾಂಡ್ ಅಲ್ಲಿ ಲೈಸೆನ್ಸ್ ಇರುವ ಎನ್‌ವಿಒಸಿಸಿಯದರ ಇಮ್ಮಡಿ, 1,50,000 ಡಾಲರ್. ದರಪಟ್ಟಿಯನ್ನು ಆನ್‌ಲೈನಿನಲ್ಲಿ ಪ್ರಕಟಿಸಬೇಕು. ಅಮೆರಿಕದೊಳಗಿನ ಮಧ್ಯವರ್ತಿ ಕೆಲಸವನ್ನು ಅಲ್ಲಿ ಲೈಸೆನ್ಸ್ ಇರುವವರಿಂದಲೇ ಮಾಡಿಸಬೇಕು. ಸಣ್ಣ ಕಚೇರಿಯ ವ್ಯವಹಾರಕ್ಕೆ ಇಷ್ಟೊಂದು ಖರ್ಚು ಗಿಟ್ಟಲ್ಲ. ಸದ್ಯಕ್ಕೆ ನೋಂದಣಿ ಇರುವವರ ಬಿಲ್ ಮೇಲೆಯೇ ಕಳಿಸಿ.